ಮಡಿಕೆಗೆ ಸಿಕ್ಕ ಮುಖ

ಮಕ್ಕಳ ಪುಸ್ತಕ ಮಾಡುವವಳು ಎಂದರೆ ಜನ ನನ್ನನ್ನು ತುಂಬಾ ಒಳ್ಳೆಯವಳು ಅಂದುಕೊಳ್ಳುತ್ತಾರೆ. ಮದುವೆ ಮನೆಯಲ್ಲಿ ಯಾರಾದರೂ ಪರಿಚಯ ಮಾಡಿಸಿದರೆ ಸಾಕು, ಎದುರಿಗಿದ್ದವರ ಮುಖ ಮೆತ್ತಗಾಗುತ್ತದೆ. "ಕಥೆನೂ ನೀವೇ, ಚಿತ್ರಾನೂ ನೀವೇನಾ" ಎನ್ನುತ್ತಾರೆ. ಆಮೇಲೆ, ದೊಡ್ಡವರಿಗೆ ಏನೂ ಬರೆಯೋದಿಲ್ವಾ ಎಂದು ಕೇಳುತ್ತಾರೆ. ನಾನು ಒಳ್ಳೆಯವಳೇನಲ್ಲ, ಸಿಡುಕಿ. ಬಣ್ಣ ಒಣಗುವ ಮೊದಲು ಬಾಗಿಲು ಬಡಿದವರಿಗೆಲ್ಲ ಬೈದಿದ್ದೇನೆ. ಸಾಲದ್ದಕ್ಕೆ ಹೇಡಿ ಕೂಡ. ಅದು ನನಗೇ ಗೊತ್ತಾದದ್ದು ಈ ವರ್ಷ, ಐವತ್ನಾಲ್ಕನೇ ವಯಸ್ಸಿನಲ್ಲಿ, ಮೂರನೇ ಕ್ಲಾಸಿನ ಹುಡುಗಿಯೊಬ್ಬಳಿಂದ.

ನಾನಿರುವುದು ಬ್ಯಾಟರಾಯನಪುರದಲ್ಲಿ, ಮೊದಲನೇ ಮಹಡಿಯಲ್ಲಿ. ಕೆಳಗಿನ ಮನೆ ಗುಲಾಮ್ ರಸೂಲ್ ಅವರದು. ಸರ್ವೀಸ್ ರಸ್ತೆಯಲ್ಲಿ ಕಾರಿನ ಸೀಟುಗಳಿಗೆ ಕವರು ಹೊಲಿಯುವ ಅಂಗಡಿ ಇಟ್ಟಿದ್ದಾರೆ. ಅವರ ಮಗಳು ಅಮ್ರೀನ್ ಯಲಹಂಕದ ಲ್ಯಾಬೊಂದರಲ್ಲಿ ರಕ್ತಪರೀಕ್ಷೆಯ ಕೆಲಸ ಮಾಡುತ್ತಾಳೆ, ಸಂಜೆ ಏಳಕ್ಕೆ ಮೊದಲು ಮನೆ ಸೇರುವುದಿಲ್ಲ. ಅಮ್ರೀನಳ ಮಗಳೇ ನೂರೀನ್, ತಾತನನ್ನು ನಾನಾ ಎಂದು ಕರೆಯುವವಳು. ಶಾಲೆಯಿಂದ ಬಂದವಳು ಬ್ಯಾಗನ್ನು ಕೆಳಗೆ ಎಸೆದು, ನನ್ನ ಮೆಟ್ಟಿಲು ಹತ್ತಿ, ಹೇಳದೆ ಕೇಳದೆ ನನ್ನ ಮೇಜಿನ ಎದುರು ಸ್ಟೂಲಿನ ಮೇಲೆ ಕೂರುತ್ತಾಳೆ. ಬಾಗಿಲು ಬಡಿಯುವ ಅಭ್ಯಾಸವೇ ಇಲ್ಲದ್ದರಿಂದ ಬೈಯುವುದಕ್ಕೂ ಅವಕಾಶವಿಲ್ಲ.

ನನ್ನ ಕೆಲಸದಲ್ಲಿ ಒಂದು ಕ್ರಮವಿದೆ. ಪ್ರಕಾಶಕರಿಗೆ ಕಳಿಸುವ ಮೊದಲು ಕೈಯಲ್ಲೇ ಒಂದು ಕಚ್ಚಾ ಪುಸ್ತಕ ಮಾಡುತ್ತೇನೆ. ಎಂಟು ದೊಡ್ಡ ಹಾಳೆಗಳನ್ನು ಮಡಚಿ, ನಡುವೆ ದಾರ ಹಾಕಿ ಹೊಲಿದರೆ ಮೂವತ್ತೆರಡು ಪುಟ. ಒಳಗೆ ಪೆನ್ಸಿಲಿನ ಚಿತ್ರ, ಅಲ್ಲಲ್ಲಿ ಬಣ್ಣ. ಡಮ್ಮಿ ಎನ್ನುತ್ತೇವೆ ನಾವು ಅದಕ್ಕೆ. ಅದನ್ನು ಒಂದು ಮಗುವಿಗೆ ಗಟ್ಟಿಯಾಗಿ ಓದಿ ತೋರಿಸದೆ ನಾನು ಯಾವ ಪುಸ್ತಕವನ್ನೂ ಮನೆಯಿಂದ ಆಚೆ ಕಳಿಸಿಲ್ಲ. ಹಿಂದಿನ ಮೂರು ಪುಸ್ತಕಗಳಿಗೆ ಆ ಮಗು ನೂರೀನ್. ಅವಳಿಗೆ ದಾಕ್ಷಿಣ್ಯ ಎಂಬುದು ಗೊತ್ತಿಲ್ಲ. ಓದುತ್ತಿರುವಾಗ ಕಿಟಕಿಯ ಕಡೆ ನೋಡಿದಳೆಂದರೆ ಆ ಪುಟದ ಕಥೆ ಮುಗಿಯಿತು. ಒಮ್ಮೊಮ್ಮೆ ಮುಖಕ್ಕೆ ಹೊಡೆದ ಹಾಗೆ "ಇದು ಬೋರು ಆಂಟಿ" ಎಂದುಬಿಡುತ್ತಾಳೆ. ಕಳೆದ ಸಲ ನಾನು ತಿಂಗಳಿಡೀ ಕೂತು ಬಿಡಿಸಿದ ಮಾವಿನ ತೋಪನ್ನು ಅವಳು ಒಂದೇ ಆಕಳಿಕೆಯಲ್ಲಿ ಕಡಿದು ಹಾಕಿದಳು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಎರಡು ದಿನ ಮುನಿಸಿಕೊಂಡಿದ್ದು, ಮೂರನೇ ದಿನ ಅವಳು ಹೇಳಿದ್ದೇ ಸರಿ ಎಂದು ಆ ಪುಟ ಕಿತ್ತೆ.

ಹೋದ ವರ್ಷ ಒಂದು ಸಂಜೆ ಅವಳು ನನ್ನ ಹಳೆಯ ಪುಸ್ತಕಗಳನ್ನೆಲ್ಲ ನೆಲದ ಮೇಲೆ ಹರಡಿಕೊಂಡು ಕೂತಿದ್ದಳು. ಏನೋ ಹುಡುಕುತ್ತಿದ್ದಳು. ಆಮೇಲೆ ಕೇಳಿದಳು.

"ಆಂಟಿ, ನಮ್ ರೋಡಿನ ನಾಯಿ ಇದೆ, ಮಾರಮ್ಮಜ್ಜಿ ಮೇಕೆ ಇದೆ, ನಾನಾ ಅಂಗಡಿ ಬೋರ್ಡ್ ಕೂಡ ಇದೆ. ನಾನ್ ಯಾಕಿಲ್ಲ?"

"ಈ ಹುಡುಗಿ ಇದಾಳಲ್ಲ" ಎಂದೆ, ಒಂದು ಪುಟ ತೋರಿಸಿ.

"ಅದು ನಾನಲ್ಲ. ಎಲ್ಲಾ ಪುಸ್ತಕದಲ್ಲೂ ಅವಳೊಬ್ಳೇ ಬರ್ತಾಳೆ."

ನಿಜ. ಇಪ್ಪತ್ತೈದು ವರ್ಷದಿಂದ ನಾನು ಬರೆಯುತ್ತಿರುವುದು ಒಂದೇ ಹುಡುಗಿಯನ್ನು. ದುಂಡು ಮುಖ, ಎರಡು ಜಡೆ, ಹಣೆಗೆ ಬೊಟ್ಟು. ಅವಳು ಬೇರೆ ಯಾರೂ ಅಲ್ಲ, ಚಿಕ್ಕಂದಿನ ನಾನೇ. ದಿನಾ ಎದುರಿಗೆ ಬಂದು ಕೂರುವ ಮಗುವಿನ ಉದ್ದ ಮುಖ, ದಪ್ಪ ಹುಬ್ಬು, ಅಗಲ ಕಿವಿ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಚಿತ್ರ ಬರೆಯುವವಳ ಕಣ್ಣು ಎಂದು ಹೊಗಳಿಸಿಕೊಂಡು ತಿರುಗುವ ನನಗೆ ನಾಚಿಕೆಯಾಯಿತು. ಮುಂದಿನ ಪುಸ್ತಕದಲ್ಲಿ ನೀನೇ ಎಂದು ಅವಳಿಗೆ ಮಾತು ಕೊಟ್ಟೆ.

ಆ ಪುಸ್ತಕಕ್ಕಾಗಿ ಇಬ್ಬರೂ ಭಾನುವಾರಗಳಂದು ಜಕ್ಕೂರು ಕೆರೆಗೆ ಹೋದೆವು. ಏರಿಯ ಮೇಲೆ ಅವಳು ಓಡುವುದು, ನಾನು ಬರೆಯುವುದು. ಕೆರೆಯ ಮೇಲೆ ಬೆಳ್ಳಕ್ಕಿಗಳು ಹಾರುತ್ತವೆ, ಅದೇ ಆಕಾಶಕ್ಕೆ ಫ್ಲೈಯಿಂಗ್ ಕ್ಲಬ್ಬಿನ ಪುಟ್ಟ ವಿಮಾನಗಳೂ ಏಳುತ್ತವೆ. ಯಾವುದರ ಹಿಂದೆ ಹೋಗಬೇಕೆಂದು ತಿಳಿಯದೆ ಒಂದು ಹುಡುಗಿ ಇಡೀ ದಿನ ಏರಿಯ ಮೇಲೆ ಆ ತುದಿಗೂ ಈ ತುದಿಗೂ ಅಲೆಯುತ್ತಾಳೆ. ಕಥೆ ಇಷ್ಟೇ.

ಚಿತ್ರಗಳಿಗೆ ನಾನೊಂದು ಉಪಾಯ ಮಾಡಿದೆ. ಪುಸ್ತಕದುದ್ದಕ್ಕೂ ಹುಡುಗಿಯ ಬೆನ್ನು ಮಾತ್ರ ಕಾಣುತ್ತದೆ. ಅವಳು ನೋಡುತ್ತಿರುವುದನ್ನೇ ನಾವೂ ನೋಡುತ್ತೇವೆ. ಕೊನೆಗೊಮ್ಮೆ, ಎದುರುಬದುರು ಎರಡು ಪುಟ ಸೇರಿಸಿದ ದೊಡ್ಡ ಚಿತ್ರದಲ್ಲಿ, ಅವಳು ನಮ್ಮ ಕಡೆ ತಿರುಗಿ ನಗುತ್ತಾಳೆ. ಎಡಕ್ಕೆ ಬೆಳ್ಳಕ್ಕಿ, ಬಲಕ್ಕೆ ವಿಮಾನ, ಮೇಲೆಲ್ಲ ಆಕಾಶ. ನಟ್ಟನಡುವೆ ಹೆಬ್ಬೆಟ್ಟಿನ ಉಗುರಿನಷ್ಟು ಪುಟ್ಟ ಮುಖ, ನೂರೀನಳದು. ಆ ಒಂದು ಉಗುರಿನಗಲವನ್ನು ಹದಿನಾರು ಸಲ ಬರೆದೆ. ಹದಿನಾರನೆಯದು ಅವಳೇ ಆಗಿತ್ತು.

ಡಮ್ಮಿಯಲ್ಲಿ ಆ ಪುಟ ತೆರೆದಾಗ ಅವಳು ಕಿಟಕಿ ನೋಡಲಿಲ್ಲ. ಬೆರಳನ್ನು ಆ ಮುಖದ ಹತ್ತಿರ ತಂದು, ಮುಟ್ಟದೆ ಹಾಗೇ ಹಿಡಿದಳು. "ಕಿವಿ ಸ್ವಲ್ಪ ಜಾಸ್ತಿ ಆಯ್ತು" ಎಂದಳು. ಆದರೂ ಮೂರು ಸಲ ಓದಿಸಿದಳು. ಮರುದಿನ ಶಾಲೆಯಲ್ಲಿ, ನಾನು ಪುಸ್ತಕದಲ್ಲಿ ಬರ್ತೀನಿ ಎಂದು ಡಂಗುರ ಸಾರಿ ಬಂದಳು. ಯಾರೂ ನಂಬಲಿಲ್ಲವಂತೆ.

ಈಗ ನನ್ನ ಘನಕಾರ್ಯಕ್ಕೆ ಬರುತ್ತೇನೆ. ಚಿತ್ರಪುಸ್ತಕದವರಿಗೆಲ್ಲ ಗೊತ್ತಿರುವ ಒಂದು ನಿಯಮವಿದೆ: ಎರಡು ಪುಟ ಕೂಡುವ ಮಡಿಕೆಯಲ್ಲಿ ಮುಖ ಇಡಬಾರದು. ಹೊಸಬರಿಗೆ ನಾನೇ ಎಷ್ಟೋ ಸಲ ಉಪದೇಶ ಮಾಡಿದ್ದೇನೆ. ಆದರೆ ನನ್ನ ಪುಸ್ತಕಗಳೆಲ್ಲ ನಡುವೆ ಪಿನ್ ಹೊಡೆದವು. ಅವು ಚಾಪೆಯ ಹಾಗೆ ಪೂರ್ತಿ ಬಿಚ್ಚಿಕೊಳ್ಳುತ್ತವೆ, ಮಡಿಕೆ ಏನನ್ನೂ ನುಂಗುವುದಿಲ್ಲ. ಆ ಧೈರ್ಯದ ಮೇಲೆ ಮುಖವನ್ನು ನಡುವೆ ಇಟ್ಟೆ. ಪುಟ ಜೋಡಿಸುವ ಮಹೇಂದ್ರ ಫೋನ್ ಮಾಡಿದಾಗ ನಾನು ಹೆಬ್ಬಾಳದ ಫ್ಲೈಓವರ್ ಮೇಲೆ ಆಟೋದಲ್ಲಿ ಕೂತಿದ್ದೆ. ಸುತ್ತ ಹಾರ್ನುಗಳು, ನನ್ನ ತಲೆ ಕೆಟ್ಟಿತ್ತು.

"ಮೇಡಂ, ಈ ಸಲ ಪಿನ್ ಬೇಡ, ಗಮ್ ಬೈಂಡಿಂಗ್ ಮಾಡೋಣ ಅಂತಿದಾರೆ. ಲೈಬ್ರರಿಯವರಿಗೆ ಪುಸ್ತಕದ ಬೆನ್ನು ಕಾಣ್ಬೇಕಂತೆ. ಓಕೆನಾ?"

"ಏನಾದ್ರೂ ಮಾಡ್ಕೊಳ್ಳಪ್ಪ" ಎಂದೆ.

ಮಹೇಂದ್ರ ಕಂಪ್ಯೂಟರಿನಲ್ಲಿ ಪುಟಗಳನ್ನು ಕಳಿಸಿದ. ಪರದೆಯ ಮೇಲೆ ಮಡಿಕೆ ಇರುವುದಿಲ್ಲವಲ್ಲ. ನೋಡಿದೆ, ಖುಷಿಪಟ್ಟೆ, ಸರಿ ಎಂದು ಬರೆದು ಕಳಿಸಿದೆ. ಮೂರು ಸಾವಿರ ಪ್ರತಿ ಅಚ್ಚಾಯಿತು.

ಪಾರ್ಸಲ್ಲನ್ನು ಕೆಳಗಿನಿಂದ ಹೊತ್ತು ತಂದವಳು ನೂರೀನಳೇ. ಕತ್ತರಿಯನ್ನೂ ಅವಳೇ ತಂದುಕೊಟ್ಟಳು. ಮೊದಲ ಪ್ರತಿಯನ್ನು ಕೈಗೆತ್ತಿಕೊಂಡು, ನಾನೊಮ್ಮೆ ನೋಡಿ ಕೊಡುತ್ತೇನೆ ಎಂದು ಆ ಪುಟ ತೆರೆದೆ. ಎಡಪುಟದಲ್ಲಿ ಒಂದು ಕಿವಿ. ಬಲಪುಟದಲ್ಲಿ ಒಂದು ಕಿವಿ. ಅವೆರಡರ ನಡುವೆ ಇರಬೇಕಾದದ್ದೆಲ್ಲ ಅಂಟಿನ ಸಂದಿಗೆ ಇಳಿದುಹೋಗಿತ್ತು. ಬೆರಳಲ್ಲಿ ಅಗಲಿಸಿ ನೋಡಿದೆ, ಮೂಗಿನ ತುದಿಯೂ ಕಾಣಲಿಲ್ಲ. ಅಂಟು ಹಾಕಿದ ಪುಸ್ತಕ ಪಿನ್ನಿನದರ ಹಾಗೆ ಪೂರ್ತಿ ಬಿಚ್ಚಿಕೊಳ್ಳುವುದಿಲ್ಲ.

"ಕೊಡಿ ಆಂಟಿ" ಎಂದು ಕೈ ಚಾಚಿದಳು.

ಪುಸ್ತಕ ಮುಚ್ಚಿದೆ. "ಇದು ಸ್ಯಾಂಪಲ್ ಕಣೇ" ಎಂದೆ. "ಸರಿಯಾಗಿ ಬಂದಿಲ್ಲ. ನಿಜವಾದ್ದು ಆಮೇಲೆ ಬರುತ್ತೆ."

ಅವಳು ನಂಬಿದಳು. ನನ್ನ ಚಿತ್ರಗಳನ್ನು ಅನುಮಾನಿಸಿದ್ದುಂಟು, ನನ್ನ ಮಾತನ್ನು ಅವಳು ಎಂದೂ ಅನುಮಾನಿಸಿದವಳಲ್ಲ. ಕತ್ತರಿಯನ್ನು ಜಾಗಕ್ಕಿಟ್ಟು ಕೆಳಗೆ ಹೋದಳು.

ಮಹೇಂದ್ರನಿಗೆ ಫೋನ್ ಮಾಡಿ ಕೂಗಾಡಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಪಾಪದವನು ಎಲ್ಲ ಕೇಳಿಸಿಕೊಂಡು, "ನೀವೇ ಓಕೆ ಅಂದ್ರಲ್ಲ ಮೇಡಂ. ಎರಡನೇ ಮುದ್ರಣಕ್ಕೆ ಮುಖ ಪಕ್ಕಕ್ಕೆ ಸರಿಸೋಣ ಬಿಡಿ. ಯಾರು ಅಷ್ಟು ನೋಡ್ತಾರೆ" ಎಂದ. ಎರಡನೇ ಮುದ್ರಣ ಬರುವಷ್ಟರಲ್ಲಿ ನೂರೀನ್ ಕಾಲೇಜು ಮುಗಿಸಿರುತ್ತಾಳೆ. ಫೋನ್ ಇಟ್ಟು ಅತ್ತೆ.

ಅದೇ ವಾರ ಕೊಡಿಗೇಹಳ್ಳಿಯ ಅವಳ ಶಾಲೆಯಿಂದ ರಾಧಾಮಣಿ ಎಂಬ ಟೀಚರ್ ಫೋನ್ ಮಾಡಿದರು. "ನಿಮ್ಮ ಹೊಸ ಪುಸ್ತಕ ಇಪ್ಪತ್ತು ಪ್ರತಿ ತರಿಸ್ತಿದೀವಿ ಮೇಡಂ. ಮುಂದಿನ ಶನಿವಾರ ಬಂದು ಮಕ್ಕಳಿಗೆ ಓದ್ಬೇಕು. ನಮ್ ನೂರೀನ್ ಅದರಲ್ಲಿ ಬರ್ತಾಳಂತೆ ಹೌದಾ? ದಿನಾ ಅದೇ ಜಗಳ ಕ್ಲಾಸಲ್ಲಿ. ಸುಳ್ಳಿ ಸುಳ್ಳಿ ಅಂತ ರೇಗಿಸ್ತಾವೆ ಮಕ್ಕಳು."

ಬರುವುದಿಲ್ಲ ಎಂದರೆ ನೂರೀನ್ ಸುಳ್ಳಿಯಾಗುತ್ತಾಳೆ. ಹೋದರೆ ಎಲ್ಲರೂ ಪುಸ್ತಕ ನೋಡುತ್ತಾರೆ. ಬರುತ್ತೇನೆ ಎಂದೆ.

ಒಂದು ಪ್ರತಿ ತೆಗೆದುಕೊಂಡು ರಸೂಲ್ ಭಾಯಿಯ ಅಂಗಡಿಗೆ ಹೋದೆ. ಯಾರಿಗಾದರೂ ಹೇಳಿಕೊಳ್ಳದಿದ್ದರೆ ಎದೆ ಒಡೆಯುವ ಹಾಗಿತ್ತು. ಅವರು ಕನ್ನಡಕ ಏರಿಸಿ, ಹೊಲಿಗೆ ಮೆಷೀನಿನ ಮೇಲೆ ಪುಸ್ತಕ ಇಟ್ಟು, ಆ ಪುಟವನ್ನು ಎರಡೂ ಹೆಬ್ಬೆಟ್ಟುಗಳಿಂದ ಸವರಿ ನೋಡಿದರು. ಮುಖ ಎಲ್ಲಿ ಎಂದು ಕೇಳಲಿಲ್ಲ. ಕಸುಬಿನವರು, ಅವರಿಗೆ ಅರ್ಥವಾಯಿತು.

"ಹೊಲಿಗೆಗೆ ಅಂತ ಬಟ್ಟೆ ಬಿಡ್ಬೇಕಲ್ಲಮ್ಮಾ" ಎಂದರು. "ನೀವು ಬಿಟ್ಟಿಲ್ಲ."

"ತಪ್ಪಾಯ್ತು ಭಾಯ್."

"ನಂಗೆ ಯಾಕೆ ಹೇಳ್ತೀರಾ? ಮಗೂಗೆ ಹೇಳಿ. ನಾನಂತೂ ಬಾಯಿ ಬಿಡಲ್ಲ, ಇದು ನಿಮ್ಮಿಬ್ಬರದು. ಆದ್ರೆ ಶನಿವಾರದೊಳಗೆ ಹೇಳ್ಬಿಡಿ. ಅವಳು ಅಳ್ತಾಳೆ, ಒಂದು ದಿನ ಊಟ ಬಿಡ್ತಾಳೆ, ಆಮೇಲೆ ಸರಿಹೋಗ್ತಾಳೆ."

ಹೇಳುತ್ತೇನೆ ಎಂದು ಬಂದೆ. ಸೋಮವಾರ ಅವಳಿಗೆ ಪರೀಕ್ಷೆ ಇತ್ತು, ಹೇಳಲಿಲ್ಲ. ಮಂಗಳವಾರ ಅವಳು ತುಂಬಾ ಖುಷಿಯಾಗಿದ್ದಳು, ಹೇಳಲಿಲ್ಲ. ಬುಧವಾರ ನನಗೇ ತಲೆನೋವು. ಗುರುವಾರ ಅವಳು ಸ್ಟೂಲಿನ ಮೇಲೆ ಕೂತು, ಶನಿವಾರಕ್ಕೆ ಕೂದಲು ಹೇಗೆ ಕಟ್ಟಿಕೊಳ್ಳಲಿ, ಪುಸ್ತಕದಲ್ಲಿರುವ ಹಾಗೇ ಇರಬೇಕಲ್ಲವೇ ಎಂದು ಕೇಳಿದಳು. ಆಗ ಹೇಳಬೇಕಿತ್ತು. ಹಾಗೇ ಕಟ್ಟಿಕೋ ಎಂದೆ.

ಹೇಳುವ ಬದಲು ನಾನೊಂದು ಜಾಣತನ ಹುಡುಕಿದ್ದೆ. ಆ ಪುಟಗಳ ಮೂಲಚಿತ್ರ ನನ್ನ ಬಳಿ ಇತ್ತಲ್ಲ, ಇಷ್ಟಗಲದ ಒಂದೇ ಹಾಳೆ, ಮಡಿಕೆಯೇ ಇಲ್ಲದ್ದು. ಉಳಿದ ಪುಟಗಳನ್ನು ಪುಸ್ತಕದಿಂದ ತೋರಿಸಿ, ಆ ಪುಟ ಬಂದಾಗ ಮೂಲಚಿತ್ರ ಎತ್ತಿ ಹಿಡಿಯುವುದು. ಮಕ್ಕಳು ಮುಖ ನೋಡುತ್ತಾರೆ, ನೂರೀನ್ ಗೆಲ್ಲುತ್ತಾಳೆ. ಪುಸ್ತಕಗಳನ್ನು ಆವತ್ತು ಹಂಚಬೇಡಿ, ಮಕ್ಕಳ ಗಮನ ಹೋಗುತ್ತೆ ಎಂದು ರಾಧಾಮಣಿಯವರಿಗೆ ಹೇಳಿದೆ. ಅವು ಬೀರುವಿನಲ್ಲಿದ್ದು ಹಳೆಯವಾಗುವಷ್ಟರಲ್ಲಿ ಹೇಗೋ ನೋಡಿಕೊಂಡರಾಯಿತು.

ಶನಿವಾರ ಅಂದುಕೊಂಡ ಹಾಗೇ ನಡೆಯಿತು. ಮೂವತ್ತಕ್ಕೂ ಹೆಚ್ಚು ಮಕ್ಕಳು ನೆಲದ ಮೇಲೆ ಕೂತಿದ್ದರು. ನೂರೀನ್ ಎರಡನೇ ಸಾಲಿನಲ್ಲಿ, ಎತ್ತಿ ಕಟ್ಟಿದ ಕೂದಲು. ನಾನು ಚೆನ್ನಾಗಿ ಓದುತ್ತೇನೆ, ಅದನ್ನು ಹೇಳಿಕೊಳ್ಳಲು ಸಂಕೋಚವಿಲ್ಲ. ಬೆಳ್ಳಕ್ಕಿ ಹಾರಿದಾಗ ಕ್ಲಾಸೆಲ್ಲ ತಲೆ ಎತ್ತಿತು. ವಿಮಾನ ಎದ್ದಾಗ ನಾಲ್ಕು ಹುಡುಗರು ಸದ್ದು ಮಾಡಿದರು. ಕೊನೆಗೆ ಚೀಲದಿಂದ ಮೂಲಚಿತ್ರ ತೆಗೆದು ಎತ್ತಿ ಹಿಡಿದೆ. ಮಕ್ಕಳೆಲ್ಲ ಮೊಣಕಾಲೂರಿ ಹತ್ತಿರ ಬಂದು ಬಗ್ಗಿ ನೋಡಿದರು. ಆಮೇಲೆ ಸಲ್ಮಾನ್ ಎಂಬ ಹುಡುಗ, ದಿನಾ ರೇಗಿಸುತ್ತಿದ್ದವನು ಅವನೇ ಅಂತೆ, "ಏ, ನೂರೀನ್ ಕಣೋ" ಎಂದ. ಎಲ್ಲರೂ ಅವಳ ಕಡೆ ತಿರುಗಿದರು. ಅವಳ ಕಿವಿ ಕೆಂಪಾಯಿತು. ಅಷ್ಟು ಸಂತೋಷಪಟ್ಟ ಮುಖವನ್ನು ನಾನು ಬರೆದಿರಲಿಲ್ಲ, ಬರೆಯಲು ಬರುತ್ತಲೂ ಇರಲಿಲ್ಲ. ಗೆದ್ದೆ ಅಂದುಕೊಂಡೆ.

ರಾಧಾಮಣಿಯವರು ಕಣ್ಣೊರೆಸಿಕೊಂಡು ಬೀರುವಿನ ಹತ್ತಿರ ಹೋದರು. "ಇರ್ಲಿ ಮೇಡಂ, ಓದಿ ಆಯ್ತಲ್ಲ, ಇನ್ನು ಹಂಚಿಬಿಡ್ತೀನಿ. ಪಾಪ, ಕಾಯ್ತಿದಾವೆ." ನಾನು ಬೇಡ ಎನ್ನುವಷ್ಟರಲ್ಲಿ ಇಬ್ಬರಿಗೊಂದರಂತೆ ಪುಸ್ತಕ ಮಕ್ಕಳ ಕೈ ಸೇರಿತ್ತು. ಎಲ್ಲರೂ ನೇರವಾಗಿ ಆ ಪುಟಕ್ಕೇ ಹೋದರು.

"ಮಿಸ್" ಎಂದ ಸಲ್ಮಾನ್. "ಇದ್ರಲ್ಲಿ ಮುಖಾನೇ ಇಲ್ಲ. ಬರೀ ಕಿವಿ."

ಒಬ್ಬರು ನಕ್ಕರು, ಆಮೇಲೆ ಎಲ್ಲರೂ. ಕೆಟ್ಟ ನಗುವಲ್ಲ, ಮಕ್ಕಳಿಗೆ ನಿಜವಾಗಿಯೂ ತಮಾಷೆಯಾಗಿ ಕಂಡಿತ್ತು. ಎರಡು ಪುಟದಲ್ಲಿ ಎರಡು ಕಿವಿ ಇದ್ದರೆ ನಾನೂ ನಗುತ್ತಿದ್ದೆ. ನೂರೀನ್ ಮಾತ್ರ ತನ್ನ ಪ್ರತಿಯನ್ನು ತೊಡೆಯ ಮೇಲಿಟ್ಟುಕೊಂಡು ನೋಡಿದಳು. ನನ್ನ ಕೈಯಲ್ಲಿದ್ದ ಚಿತ್ರ ನೋಡಿದಳು. ಮತ್ತೆ ಪುಸ್ತಕ ನೋಡಿದಳು. ಆಮೇಲೆ ಎದ್ದು ನನ್ನ ಹತ್ತಿರ ಬಂದಳು.

"ಅವತ್ತು ಪಾರ್ಸಲಲ್ಲಿ ಬಂದಿದ್ದು ಇದೇನಾ ಆಂಟಿ?"

"ಹೌದು."

"ಸ್ಯಾಂಪಲ್ ಅಂದ್ರಿ."

"ಸುಳ್ಳು ಹೇಳ್ದೆ."

ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು. ಯೋಚಿಸಿ, ನಿಧಾನವಾಗಿ ಕೇಳಿದಳು: "ನಿಮ್ಮ ಪುಟ ಚೆನ್ನಾಗಿಲ್ಲ ಅಂದ್ರೆ ನಾನು ಹೇಳ್ತೀನಲ್ಲ. ನೀವ್ಯಾಕೆ ನಂಗೆ ಹೇಳ್ಲಿಲ್ಲ?"

ನಿನಗೆ ನೋವಾಗುತ್ತದೆಂದು ಎನ್ನಬಹುದಿತ್ತು, ಅದು ಇನ್ನೊಂದು ಸುಳ್ಳಾಗುತ್ತಿತ್ತು. ನೋವಾದೀತೆಂದು ನಾನು ಹೆದರಿದ್ದು ನನಗೆ. ಎಂಟು ವರ್ಷದ ಮಗು ಮೂರು ಪುಸ್ತಕಗಳುದ್ದಕ್ಕೂ ನನ್ನೆದುರು ನಿಜ ಹೇಳಿತ್ತು. ನನಗೆ ಒಂದೇ ಒಂದು ಸಲ ಸರದಿ ಬಂದಿತ್ತು. ಮಕ್ಕಳ ಕಡೆ ತಿರುಗಿ ಹೇಳಿದೆ: ಈ ತಪ್ಪು ನೂರೀನಳದಲ್ಲ, ನನ್ನದು. ಅಂಟು ಹಾಕಿದರೆ ನಡುವಿನದು ಒಳಗೆ ಹೋಗುತ್ತದೆಂದು ನನಗೆ ಗೊತ್ತಿದ್ದೂ ನೋಡಲಿಲ್ಲ. ಗೊತ್ತಾದ ಮೇಲೆ ಮುಚ್ಚಿಟ್ಟೆ. ಮಕ್ಕಳು ನಗುವುದನ್ನು ನಿಲ್ಲಿಸಿದರು.

ಮೂಲಚಿತ್ರವನ್ನು ಅವಳ ಮುಂದೆ ಚಾಚಿದೆ. "ಇದು ನಿನಗೆ. ಇಟ್ಕೋ."

ನೋಡಿದಳು, ಕೈ ಮುಂದೆ ಮಾಡಲಿಲ್ಲ. "ಬೇಡ" ಎಂದಳು. "ಇದು ಪುಸ್ತಕ ಅಲ್ಲ."

ನನ್ನ ಕೈ ಚಾಚಿದ ಹಾಗೇ ಉಳಿಯಿತು. ಇಪ್ಪತ್ತೈದು ವರ್ಷ ಪುಸ್ತಕ ಮಾಡಿದವಳಿಗೆ ಆ ವ್ಯತ್ಯಾಸ ಅವಳು ಹೇಳಿಕೊಡಬೇಕಾಯಿತು. ಒಂದೇ ಹಾಳೆಯಲ್ಲಿರುವ ಮುಖ ಗೋಡೆಗೆ ಹೋಗುತ್ತದೆ, ಒಬ್ಬರೇ ನೋಡುತ್ತಾರೆ. ಅವಳಿಗೆ ಬೇಕಿದ್ದದ್ದು ಸಲ್ಮಾನನ ಕೈಯಲ್ಲಿರುವುದು, ಗೊತ್ತಿಲ್ಲದ ಊರಿನ ಗೊತ್ತಿಲ್ಲದ ಮಗುವಿನ ಕೈಯಲ್ಲೂ ಇರುವುದು.

ಅವಳು ತನ್ನ ಜಾಗಕ್ಕೆ ಹೋಗಿ, ಪುಸ್ತಕವನ್ನು ಆ ಪುಟಕ್ಕೆ ತೆರೆದು ನೆಲದ ಮೇಲಿಟ್ಟಳು. ಒಂದು ಮೊಣಕಾಲನ್ನು ಎಡಪುಟದ ಮೇಲೆ, ಇನ್ನೊಂದನ್ನು ಬಲಪುಟದ ಮೇಲೆ ಊರಿ, ಎರಡೂ ಅಂಗೈಗಳಿಂದ ನಡುವೆ ಒತ್ತಿದಳು. ಪುಸ್ತಕದ ಬೆನ್ನು ಲಟಕ್ಕೆಂದು ಮುರಿಯಿತು. ಅವಳು ಮತ್ತೂ ಒತ್ತಿದಳು. ಕೈ ತೆಗೆದಾಗ ಎರಡು ಕಿವಿಗಳ ನಡುವೆ ಮುಖ ಮೇಲೆ ಬಂದಿತ್ತು. ಮೂಗಿನ ಮೇಲೆ ಬಿಳಿಯ ಗೆರೆಯೊಂದು ಸೀಳಿತ್ತು, ಆದರೆ ನಗುತ್ತಿತ್ತು. ಒಂದು ಹಾಳೆ ಅಂಟು ಬಿಟ್ಟು ಆಚೆ ಇಣುಕುತ್ತಿತ್ತು.

"ಏ ನೂರೀನ್, ಪುಸ್ತಕ ಹಾಗೆಲ್ಲ ಹಾಳ್ಮಾಡಬಾರ್ದು ಪುಟ್ಟ" ಎಂದರು ರಾಧಾಮಣಿ.

"ಮಾಡ್ಲಿ ಬಿಡಿ ಮೇಡಂ" ಎಂದೆ.

"ನಂದೂ ಮಾಡ್ಕೊಡೇ" ಎಂದ ಸಲ್ಮಾನ್, ತನ್ನ ಪುಸ್ತಕ ಚಾಚಿ. ಅವಳು ಅದನ್ನು ತೆಗೆದುಕೊಂಡು ನೆಲಕ್ಕಿಟ್ಟಳು. ಮತ್ತೆ ಮೊಣಕಾಲು, ಮತ್ತೆ ಅಂಗೈ, ಮತ್ತೆ ಅದೇ ಸದ್ದು. ಆಮೇಲೆ ಪಕ್ಕದ ಹುಡುಗಿಯದು, ಅದರ ಪಕ್ಕದ್ದು. ಯಾರ ಕೈಗೂ ಬಿಡದೆ ತಾನೇ ಒಂದೊಂದನ್ನೂ ಮುರಿಯುತ್ತ ಸಾಲಿನುದ್ದಕ್ಕೂ ಹೋದಳು. ಒಂದು ಗೀರು ಬಿದ್ದರೂ ರಂಪ ಮಾಡುವವಳು ನಾನು. ನನ್ನ ಪುಸ್ತಕಗಳು ಕಣ್ಣೆದುರೇ ಬೆನ್ನು ಮುರಿದುಕೊಳ್ಳುತ್ತಿದ್ದವು. ಆದರೂ ನಿಲ್ಲಿಸಲಿ ಎಂದು ಅನ್ನಿಸಲಿಲ್ಲ.

ಹತ್ತಾದ ಮೇಲೆ ಅವಳ ಅಂಗೈ ಕೆಂಪಾಗಿತ್ತು. ಹನ್ನೊಂದನೆಯದು ಗಟ್ಟಿಯಿತ್ತು, ಎಷ್ಟು ಒತ್ತಿದರೂ ಮತ್ತೆ ಮುಚ್ಚಿಕೊಳ್ಳುತ್ತಿತ್ತು. ನಾನು ಹೋಗಿ ಅವಳ ಎದುರು ನೆಲದ ಮೇಲೆ ಕೂತೆ. ಅವಳು ತಲೆ ಎತ್ತಲಿಲ್ಲ. ಕ್ಷಮಿಸು ಎನ್ನಲು ಬಾಯಿ ತೆರೆದೆ, ಅವಳ ಮುಖ ನೋಡಿ ಮುಚ್ಚಿದೆ. ಸ್ವಲ್ಪ ಹೊತ್ತು ಒಬ್ಬಳೇ ಒದ್ದಾಡಿದಳು.

"ಆ ಕಡೆ ಹಿಡ್ಕೊಳ್ಳಿ" ಎಂದಳು, ನನ್ನನ್ನು ನೋಡದೆ.

ಹಿಡಿದುಕೊಂಡೆ.